ಮುಂದಿನ ಗೇಟಿನ ಬೇಸಿಗೆ

ಕಳೆದ ಭಾನುವಾರ ಸಹೋದ್ಯೋಗಿಯೊಬ್ಬರ ಮಗಳ ನಿಶ್ಚಿತಾರ್ಥಕ್ಕೆಂದು ರಾಜಾಜಿನಗರದ ಒಂದು ಹೋಟೆಲಿಗೆ ಹೋಗಿದ್ದೆವು. ಎರಡನೇ ಮಹಡಿಯ ಹಾಲ್‌ನ ಬಾಗಿಲು ತಳ್ಳಿದಾಗ ಮೂಗಿಗೆ ಬಂದದ್ದು ಮಲ್ಲಿಗೆಯ ವಾಸನೆಯಲ್ಲ. ಎಸಿಯ ತಣ್ಣನೆ ಗಾಳಿಯಲ್ಲಿ ಮುಗ್ಗಿದ ಕಾರ್ಪೆಟ್ಟು, ಅದನ್ನು ಮುಚ್ಚಲು ಹೊಡೆದ ನಿಂಬೆಹಣ್ಣಿನ ಸ್ಪ್ರೇ, ಮೂಲೆಯ ಕಾಫಿ ಮಷೀನಿನಲ್ಲಿ ಸೀದ ಹಾಲು. ನನ್ನ ಪಕ್ಕದಲ್ಲಿದ್ದ ಅತ್ತೆ ಹೊಸ್ತಿಲಲ್ಲೇ ನಿಂತರು.

"ಇದೇ ಹಾಲ್ ಅಲ್ವೇನೇ ಸುಮಾ? ಕುಕ್ಕರ್ ಕೊಟ್ರಲ್ಲ?"

ಇದೇ ಹಾಲ್. ಮೂರು ಬೇಸಿಗೆಯ ಹಿಂದೆ ನಾವು ಐದೂ ಜನ ಇಲ್ಲಿ ಒಂದು ದುಂಡು ಮೇಜಿನ ಸುತ್ತ ಕೂತು, ಇಪ್ಪತ್ತೈದು ವರ್ಷಗಳ ರಜೆಯನ್ನು ಒಂದೇ ಮಧ್ಯಾಹ್ನ ಕೊಂಡುಕೊಳ್ಳುವ ಅಂಚಿಗೆ ಬಂದಿದ್ದೆವು.

ಆ ಬೇಸಿಗೆ ನಮ್ಮ ಕಡೆ ಬಿಸಿಲು ಮಾರ್ಚ್‌ನಲ್ಲೇ ಏರಿತ್ತು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಾರದ ದಿನ ಬೀದಿಯ ತುದಿಯಲ್ಲಿ ಟ್ಯಾಂಕರಿನ ಸದ್ದಿಗೆ ಎಲ್ಲರ ಕಿವಿ. ನಮ್ಮ ಮನೆ ಇರುವುದು ಅನ್ನಪೂರ್ಣೇಶ್ವರಿ ನಗರದ ಹಿಂಬದಿ, ಬಡಾವಣೆಗಿಂತ ಮೊದಲೇ ಇದ್ದ ಹಳ್ಳಿಯ ಬೀದಿಯಲ್ಲಿ. ಈಗ ಮೂರು ನಾಲ್ಕು ಮಹಡಿಯ ಮನೆಗಳಿರುವ ಕಡೆಯೆಲ್ಲ ಒಂದು ಕಾಲಕ್ಕೆ ರಾಗಿ ಹೊಲವಿತ್ತು. ಹೊಲ ಸೈಟುಗಳಾದ ಮೇಲೆ ಮಾವನವರ ಪಾಲಿಗೆ ಉಳಿದದ್ದು ಎರಡು: ಈ ಮನೆ, ಮತ್ತು ಪರಿಹಾರದ ಹಣದಲ್ಲಿ ಕೊಂಡ ಒಂದು ಲೇತ್ ಮಷೀನು. ಮಾವ ಈಗಿಲ್ಲ. ಮಷೀನು ನಾಯಂಡಹಳ್ಳಿಯ ಒಂದು ಶೀಟಿನ ಶೆಡ್ಡಿನಲ್ಲಿದೆ. ಅದನ್ನು ನಡೆಸುವವರು ನನ್ನ ಗಂಡ ಲೋಕೇಶ್. ಪಂಪಿನ ಶಾಫ್ಟು, ಗೇರಿನ ಬುಷ್ಷು, ಗೇಟಿನ ಕೀಲು ಹೀಗೆ ಉರುಟಾದದ್ದೇನಿದ್ದರೂ ಅವರ ಬಳಿ ಬರುತ್ತದೆ. ಆಯುಧಪೂಜೆಯ ದಿನ ಬಿಟ್ಟರೆ ಶೆಡ್ಡಿಗೆ ರಜೆಯಿಲ್ಲ.

ನಾನು ಒಂದು ಕನ್ನಡ ದಿನಪತ್ರಿಕೆಯ ಜಿಲ್ಲಾ ಪುಟಗಳ ಡೆಸ್ಕಿನಲ್ಲಿದ್ದೇನೆ. ದಿನವಿಡೀ ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ. ಒಬ್ಬರು ಹೇಳಿದ್ದು ಹೇಳಿಕೆ, ಸಂಬಂಧವಿಲ್ಲದ ಇನ್ನೊಬ್ಬರೂ ಅದನ್ನೇ ಹೇಳಿದರೆ ಸುದ್ದಿ ಎಂಬುದು ನಮ್ಮ ಡೆಸ್ಕಿನ ಹಳೆಯ ಪಾಠ. ಮನೆಯಲ್ಲಿ ಅದನ್ನು ಬಳಸಿದರೆ ಜಗಳವಾಗುತ್ತದೆ. ಆದರೂ ಬಳಸುತ್ತೇನೆ.

ಮಹಾಲಕ್ಷ್ಮಿ ಲೇಔಟಿನಲ್ಲಿರುವ ನನ್ನ ಅಕ್ಕನ ಗಂಡ ಪ್ರಕಾಶ್ ಭಾವನಿಂದ ಇದು ಶುರುವಾಯಿತು. ಅವರು ಒಂದು ರೆಸಾರ್ಟ್ ಕಂಪನಿಯ ಮೆಂಬರ್‌ಶಿಪ್ ತೆಗೆದುಕೊಂಡಿದ್ದರು. ಈಜುಕೊಳದ ಪಕ್ಕ ಕಪ್ಪು ಕನ್ನಡಕ ಹಾಕಿ ಎಳನೀರು ಕುಡಿಯುತ್ತಿರುವ ಅವರ ಫೋಟೋ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಕೆಳಗೆ ಭಾವ ಬರೆದಿದ್ದರು: "ಏನ್ ಷಡ್ಡಕರೇ, ಇನ್ನೂ ಗ್ರೀಸ್ ವಾಸ್ನೇನೇನಾ?"

ಲೋಕೇಶ್ ಆ ಫೋಟೋವನ್ನು ಆ ವಾರದಲ್ಲಿ ಹಲವು ಸಲ ತೆರೆದು ನೋಡಿದರು. ಸ್ವಲ್ಪ ದಿನಕ್ಕೆ ಅದೇ ಕಂಪನಿಯಿಂದ ಫೋನ್ ಬಂತು. ನಿಮ್ಮ ಹೆಸರನ್ನು ನಿಮ್ಮ ಸಂಬಂಧಿಕರು ಕೊಟ್ಟಿದ್ದಾರೆ, ಎರಡು ಗಂಟೆ ಕೂತು ಕೇಳಿದರೆ ಸಾಕು, ಒಂದು ಕುಕ್ಕರ್ ಉಚಿತ, ಆದರೆ ಮನೆಯವರೆಲ್ಲ ಬರಬೇಕು.

"ಎಷ್ಟ್ ಲೀಟರಿಂದು ಕೇಳು" ಎಂದರು ಅತ್ತೆ.

ಐದು ಲೀಟರ್ ಎಂದು ಗೊತ್ತಾದ ಮೇಲೆ ಅವರೂ ಹೊರಟರು. ನಡು ಮಧ್ಯಾಹ್ನದ ಹೊತ್ತು, ದೀಪ ಹಚ್ಚುವ ವೇಳೆಗೆ ವಾಪಸ್ ಬರಬೇಕು ಎಂಬ ಷರತ್ತಿನ ಮೇಲೆ.

ಹಾಲ್ ತುಂಬ ದುಂಡು ಮೇಜುಗಳು. ಪ್ರತಿ ಮೇಜಿಗೂ ಒಂದು ಕುಟುಂಬ, ಕಂಪನಿಯ ಒಬ್ಬ ಹುಡುಗ ಅಥವಾ ಹುಡುಗಿ. ಯಾರಾದರೂ ಸಹಿ ಹಾಕಿದರೆ ಮುಂದಿನ ವೇದಿಕೆಯಲ್ಲಿ ಒಂದು ಹಿತ್ತಾಳೆ ಗಂಟೆ ಹೊಡೆಯುತ್ತಿದ್ದರು, ಉಳಿದವರೆಲ್ಲ ಚಪ್ಪಾಳೆ ತಟ್ಟಬೇಕು. ಮೊದಲ ಗಂಟೆಗೆ ಅತ್ತೆ ಅಭ್ಯಾಸಬಲದಿಂದ ಕೈಮುಗಿದರು.

ನಮ್ಮ ಮೇಜಿನವನ ಹೆಸರು ಕಿರಣ್. ಒಳ್ಳೆಯ ಹುಡುಗ, ಮಾತು ಮೃದು. ಕುಂದಾಪುರದ ಕಡೆಯವನಿರಬೇಕು, ಬೆಂಗಳೂರಿನ ಮಾತಿನಡಿಯಲ್ಲಿ ಆ ರಾಗ ಇಣುಕುತ್ತಿತ್ತು. ಮೊದಲು ಕೇಳಿದ ಪ್ರಶ್ನೆ ಇದು:

"ಸಾರ್, ಫ್ಯಾಮಿಲಿ ಎಲ್ಲಾ ಒಟ್ಟಿಗೆ ಲಾಸ್ಟ್ ಎಲ್ಲಿಗೆ ಹೋಗಿದ್ರಿ?"

"ಮೈಸೂರು" ಎಂದರು ಲೋಕೇಶ್.

"ಅದಕ್ಕೆ ಅಜ್ಜಿ ಬಂದಿರ್ಲಿಲ್ಲ" ಎಂದಳು ಎಂಟನೇ ಕ್ಲಾಸು ಮುಗಿಸಿದ್ದ ಮಗಳು ಸಿಂಚನ.

"ಹೋದ್ ವರ್ಷ ಧರ್ಮಸ್ಥಳ?"

"ಅದಕ್ಕೆ ನೀವ್ ಬಂದಿರ್ಲಿಲ್ಲ. ಅಜ್ಜಿ ಬಂದಿದ್ರು, ನೀವ್ ಮನೇಲಿದ್ರಿ."

"ಶಿವಮೊಗ್ಗ?"

"ಅದ್ ಮದ್ವೆ ಅಪ್ಪಾ, ಟ್ರಿಪ್ಪಲ್ಲ" ಎಂದ ಅವಳ ತಮ್ಮ ಚಿರಾಗ್. "ಅದಕ್ಕೂ ಅಮ್ಮ ಬಂದಿರ್ಲಿಲ್ಲ."

ಕಿರಣ್ ಮುಖ ಅರಳಿತು. "ನೋಡಿ ಸಾರ್, ಇದೇ ಪ್ರಾಬ್ಲಮ್ಮು. ಪ್ಲಾನ್ ಇಲ್ಲ. ಮೆಂಬರ್‌ಶಿಪ್ ಇದ್ರೆ ಏನಾಗುತ್ತೆ ಅಂದ್ರೆ, ಹೋಗ್ಲೇಬೇಕು. ದುಡ್ಡು ಕಟ್ಟಿರ್ತೀವಲ್ಲ."

ಯೋಜನೆ ಹೀಗಿತ್ತು. ಈಗ ಒಂದು ದೊಡ್ಡ ಮೊತ್ತ ಕಟ್ಟಬೇಕು, ಬೇಕಾದರೆ ಕಂತಿನಲ್ಲಿ. ಆಮೇಲೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ಅವರ ಯಾವ ರೆಸಾರ್ಟಿನಲ್ಲಾದರೂ ಒಂದು ರೂಮು ನಮ್ಮದು. ಹೋದರೂ ಹೋಗದಿದ್ದರೂ ವರ್ಷ ವರ್ಷ ನಿರ್ವಹಣಾ ಶುಲ್ಕ ಬೇರೆ. ವರ್ಷವನ್ನು ಬಣ್ಣಗಳಾಗಿ ಹಂಚಿದ್ದರು. ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ ಒಂದು ಬಣ್ಣ, ಅದಕ್ಕೆ ಬೆಲೆ ಹೆಚ್ಚು. ನಮಗೆ ತೋರಿಸಿದ್ದು ಅದಕ್ಕಿಂತ ಕೆಳಗಿನದು. ಆ ದೊಡ್ಡ ಮೊತ್ತ, ಸಿಂಚನಳ ಪಿಯುಸಿಗೆಂದು ನಾವು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿಗೆ ಹೆಚ್ಚೂಕಡಿಮೆ ಸಮ. ನಮ್ಮ ಬಳಿ ಇದ್ದದ್ದೂ ಅದೊಂದೇ.

ಕಿರಣ್ ಒಂದು ಹಾಳೆ ತೆಗೆದು ಎರಡು ಗೆರೆ ಎಳೆದ. ಹೋಟೆಲ್ ಬಾಡಿಗೆ ವರ್ಷ ವರ್ಷ ಏರುವ ಗೆರೆ, ಮೆಂಬರ್‌ಶಿಪ್ಪಿನ ನೇರ ಗೆರೆ. ನಾನು ನೇರ ಗೆರೆಯ ಮೇಲೆ ಬೆರಳಿಟ್ಟೆ.

"ಇದ್ರಲ್ಲಿ ವರ್ಷದ ಶುಲ್ಕ ಸೇರಿದ್ಯಾ?"

"ಅದು ತುಂಬಾ ಚಿಕ್ ಅಮೌಂಟ್ ಮೇಡಂ."

"ಅದೂ ಏರುತ್ತಲ್ವಾ?"

"ಸ್ವಲ್ಪ ಏರ್ಬೋದು ಮೇಡಂ."

"ಹಾಗಾದ್ರೆ ಗೆರೆ ನೇರ ಇರಲ್ಲ ಅಲ್ವಾ?"

ಲೋಕೇಶ್ ಮೇಜಿನಡಿ ನನ್ನ ಕಾಲು ತುಳಿದರು. "ಮೇಡಂ ಪೇಪರ್‌ನಲ್ಲಿದಾರೆ. ಎಲ್ಲಾನೂ ಹಿಂಗೇ ಕೇಳ್ತಾರೆ, ಬೇಜಾರ್ ಮಾಡ್ಕೋಬೇಡಪ್ಪ" ಎಂದು ಅವನಿಗೆ ಸಮಾಧಾನ ಹೇಳಿದರು. ಅವರ ಕೈಗೆ ಪೆನ್ನು ಬಂದಾಗಿತ್ತು. ಬೆಲೆ ಇವತ್ತಿಗೆ ಮಾತ್ರ, ಬಾಗಿಲು ದಾಟಿದರೆ ಇಲ್ಲ ಎಂದು ಮ್ಯಾನೇಜರ್ ಬಂದು ಹೇಳಿಹೋಗಿದ್ದರು. ಪಕ್ಕದ ಮೇಜಿನವರು ಸಹಿ ಹಾಕಿದರು, ವೇದಿಕೆಯ ಗಂಟೆ ಹೊಡೆಯಿತು. ಚಪ್ಪಾಳೆ.

ಆಗ ಅತ್ತೆ, ಅಷ್ಟು ಹೊತ್ತೂ ಬಿಸ್ಕತ್ತಿನ ತಟ್ಟೆಯ ಕಡೆ ನೋಡುತ್ತಿದ್ದವರು, "ಹೂ ಕೇಳ್ಬೇಕಲ್ಲಪ್ಪಾ" ಎಂದರು.

ಕಿರಣ್‌ಗೆ ಅರ್ಥವಾಗಲಿಲ್ಲ. ಅತ್ತೆಯೇ ಬಿಡಿಸಿ ಹೇಳಿದರು. ನಮ್ಮ ಮನೆಯಲ್ಲಿ ದೊಡ್ಡ ಕೆಲಸ ಯಾವುದೇ ಇರಲಿ, ಬೋರ್‌ವೆಲ್ ಕೊರೆಸುವುದಿರಲಿ ಹೆಣ್ಣು ತರುವುದಿರಲಿ, ಮನೆದೇವರು ಮುದ್ದಮ್ಮನ ಹತ್ತಿರ ಹೋಗಿ ಹೂ ಕೇಳುತ್ತೇವೆ. ದೇವರ ಎರಡೂ ಭುಜಕ್ಕೆ ಹೂ ಇಟ್ಟು ಕಾಯುವುದು. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ.

ಮ್ಯಾನೇಜರ್ ಮತ್ತೆ ಬಂದರು. "ಅಮ್ಮಾ, ಮೊಮ್ಮಕ್ಕಳ ಖುಷಿಗೆ ದೇವ್ರು ಬೇಡ ಅಂತಾಳಾ?"

"ಅನ್ನಲ್ಲ ಅಂತ ಗ್ಯಾರಂಟಿ ಇದ್ರೆ ಅವಳನ್ ಕೇಳೋದ್ಯಾಕಪ್ಪಾ, ನಿನ್ನನ್ನೇ ಕೇಳ್ತಿದ್ದೆ."

"ದೇವಸ್ಥಾನ ಎಲ್ಲಿ?"

"ತಾವರೆಕೆರೆ ದಾಟ್ಬೇಕು. ಸೋಮವಾರ, ಶುಕ್ರವಾರ ಮಾತ್ರ ಕೇಳೋದು. ಈ ಸೋಮವಾರ ಆಗಲ್ಲ, ಊರಲ್ಲಿ ಸೂತಕ."

ಮ್ಯಾನೇಜರ್ ಕಿರಣ್ ಮುಖ ನೋಡಿದರು. ನಮ್ಮಂಥವರಿಗೆ ಅವರ ತರಬೇತಿಯಲ್ಲಿ ಉತ್ತರ ಇರಲಿಲ್ಲವೆಂದು ಕಾಣುತ್ತದೆ. ಹೆಂಡತಿ ಒಪ್ಪದಿದ್ದರೆ ಏನು ಹೇಳಬೇಕು, ದುಡ್ಡಿಲ್ಲದಿದ್ದರೆ ಏನು ಹೇಳಬೇಕು ಎಂದು ಕಲಿಸಿರುತ್ತಾರೆ. ಸೂತಕಕ್ಕೆ ಕಲಿಸಿರಲಿಕ್ಕಿಲ್ಲ. ಕೊನೆಗೆ, ಅಜ್ಜಿಯ ಮುಖ ನೋಡಿ ಬೆಲೆಯನ್ನು ಇನ್ನೊಂದು ವಾರ ಹಿಡಿದಿಡುತ್ತೇವೆ ಎಂದರು. ಇವತ್ತಿಗೆ ಮಾತ್ರ ಎಂಬುದು ಮುಂದಿನ ವಾರಕ್ಕೂ ಆಗುತ್ತದೆ ಎಂಬುದನ್ನು ನಾನು ಗಮನಿಸಿದೆ. ಕುಕ್ಕರನ್ನೂ ಒಪ್ಪಂದದ ಒಂದು ಮಾದರಿ ಪ್ರತಿಯನ್ನೂ ಕೊಟ್ಟರು. ಬಸವೇಶ್ವರನಗರ ದಾಟಿ ಮನೆ ಸೇರುವವರೆಗೆ ಲೋಕೇಶ್ ಆ ಪ್ರತಿಯನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡಿದ್ದರು.

ಮರುದಿನ ಭಾನುವಾರ. ನೀರು ಬಂದಿರಲಿಲ್ಲ. ಟ್ಯಾಂಕರಿಗೆ ಕಾಯುತ್ತ ಜಗುಲಿಯ ಮೇಲೆ ಕೂತಿದ್ದಾಗ ನಾನು ನೇರವಾಗಿ ಕೇಳಿದೆ, ನಿಮಗೆ ಅದು ಯಾಕೆ ಬೇಕು ಎಂದು.

"ಎಲ್ರೂ ಹೋಗಲ್ವಾ? ನಾವ್ಯಾಕ್ ಹೋಗ್ಬಾರ್ದು?"

"ಹೋಗ್ಬಾರ್ದು ಅಂತ ಯಾರಂದ್ರು? ಸಿಂಚು ಕಾಲೇಜಿನ ದುಡ್ಡು ತೆಗ್ದು ಹೋಗ್ಬೇಕಾ ಅಂತ ಕೇಳ್ದೆ."

ಬೀದಿಯ ತುದಿಗೆ ಒಮ್ಮೆ ಕಣ್ಣು ಹಾಯಿಸಿ ಹೇಳಿದರು. ಹಿಂದಿನ ವರ್ಷ ಒಂದು ರೆಸಾರ್ಟಿನವರು ನೀರಿನ ಪಂಪಿನ ಶಾಫ್ಟ್ ಮುರಿದಿದೆ ಎಂದು ಕರೆದಿದ್ದರಂತೆ. ಶಾಫ್ಟ್ ಹೆಗಲ ಮೇಲಿಟ್ಟುಕೊಂಡು ಮುಂದಿನ ಗೇಟಿನಲ್ಲಿ ನಿಂತರೆ ಕಾವಲಿನವನು ನೋಡಿ, "ಕೆಲ್ಸದೋರು ಹಿಂದಿನ ಗೇಟು" ಎಂದು ಕೈತೋರಿಸಿದನಂತೆ. ಕಾಂಪೌಂಡು ಸುತ್ತಿ ಹೋಗುವಾಗ ಬೇಲಿಯ ಸಂದಿಯಿಂದ ಒಂದು ಕುಟುಂಬ ಹುಲ್ಲಿನ ಮೇಲೆ ಕೂತು ದೋಸೆ ತಿನ್ನುತ್ತಿದ್ದುದು ಕಂಡಿತಂತೆ. ಒಬ್ಬ ಅಜ್ಜಿ, ಗಂಡ ಹೆಂಡತಿ, ಇಬ್ಬರು ಮಕ್ಕಳು. ಲೆಕ್ಕ ನಮ್ಮಷ್ಟೇ.

"ಅವ್ನದ್ ತಪ್ಪಿಲ್ಲ ಸುಮಾ. ಮೈಯೆಲ್ಲಾ ಗ್ರೀಸು. ನಾನಾದ್ರೂ ಹಂಗೇ ಹೇಳ್ತಿದ್ದೆ. ಆದ್ರೆ ಒಂದ್ಸಲ, ಎಲ್ರುನೂ ಕರ್ಕೊಂಡು, ಮುಂದಿನ ಗೇಟಿಂದ ಹೋಗ್ಬೇಕು ಅನ್ಸ್ತು ಕಣೇ. ಮೆಂಬರ್ ಕಾರ್ಡ್ ಇದ್ರೆ ಯಾರೂ ತಡೆಯಲ್ಲ."

ಮದುವೆಯಾದ ಹದಿನಾರು ವರ್ಷಗಳಲ್ಲಿ ಅವರು ತಮಗಾಗಿ ಕೇಳಿದ್ದು ಅದೊಂದೇ. ಅದಕ್ಕೆ ಗೆರೆ ನೇರವಿಲ್ಲ ಎಂಬುದು ಉತ್ತರವಾಗುವುದಿಲ್ಲ. ಆದರೆ ಕಾಲೇಜಿನ ದುಡ್ಡೂ ಅದೊಂದೇ. ವಾರ ಮುಗಿಯುವುದರೊಳಗೆ ನಿಜವೇನೆಂದು ತಿಳಿದುಕೊಂಡೇ ಮಾತಾಡಬೇಕೆಂದು ನಿರ್ಧರಿಸಿದೆ.

ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಒಪ್ಪಂದದ ಮಾದರಿ ಪ್ರತಿಯನ್ನು ಪುಟ ತಿದ್ದುವಂತೆ ಓದಿದೆ. ಮುಚ್ಚಿಟ್ಟದ್ದೇನೂ ಇರಲಿಲ್ಲ, ಎಲ್ಲ ಬರೆದೇ ಇತ್ತು. ಹಾಲ್‌ನಲ್ಲಿ ಯಾರೂ ಓದಿ ಹೇಳಿರಲಿಲ್ಲ ಅಷ್ಟೆ. ರೂಮಿಗೆ ಇಬ್ಬರು ದೊಡ್ಡವರು, ಹನ್ನೆರಡು ವರ್ಷದೊಳಗಿನ ಇಬ್ಬರು ಮಕ್ಕಳು. ಸಿಂಚನಳಿಗೆ ಆಗಲೇ ಹದಿನಾಲ್ಕು. ಅಂದರೆ ಆ ಲೆಕ್ಕದಲ್ಲಿ ಅವಳು ದೊಡ್ಡವಳು, ಅತ್ತೆ ಇನ್ನೂ ಒಬ್ಬರು ಹೆಚ್ಚು. ನಮ್ಮ ಬಣ್ಣದ ವಾರಗಳು ಶಾಲೆ ನಡೆಯುವ ತಿಂಗಳುಗಳಲ್ಲಿ ಬೀಳುತ್ತಿದ್ದವು. ನಡುವೆ ಬಿಟ್ಟರೆ ಹಣ ಪೂರ್ತಿ ವಾಪಸ್ ಇಲ್ಲ.

ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಭಾವನಿಗಲ್ಲ.

"ನೀವು ಎಷ್ಟ್ ಸಲ ಹೋಗಿದೀರಾ ಅಕ್ಕ?"

"ಫೋಟೋ ನೋಡಿದ್ಯಲ್ಲ, ಅದೇ."

"ಅದೊಂದೇನಾ?"

"ರಜದಲ್ಲಿ ಕೇಳಿದ್ರೆ ವೇಟಿಂಗ್ ಲಿಸ್ಟು. ರೂಮ್ ಖಾಲಿ ಇದ್ದಾಗ ನಿಮ್ ಭಾವಂಗೆ ಆಡಿಟ್ಟು. ಅಲ್ಲಿ ಊಟದ್ ರೇಟ್ ಬೇರೆ ಕೇಳ್ಬೇಡ, ನಾನ್ ಬ್ಯಾಗಲ್ಲಿ ಅವಲಕ್ಕಿ ತಗೊಂಡ್ ಹೋಗಿದ್ದೆ." ದನಿ ತಗ್ಗಿಸಿ, "ನಿಮ್ನ ಸೇರ್ಸಿದ್ರೆ ನಮ್ಗೆ ಒಂದ್ ವರ್ಷದ ಶುಲ್ಕ ಬಿಡ್ತಾರಂತೆ. ನಾನ್ ಹೇಳ್ದೆ ಅಂತ ಹೇಳ್ಬೇಡ ಕಣೇ" ಎಂದಳು.

ಡೆಸ್ಕಿನಲ್ಲಿ ನನ್ನ ಎದುರು ಕೂರುವ ಹಿರಿಯರೊಬ್ಬರು ಇನ್ನೊಂದು ಕಂಪನಿಯ ಇಂಥದ್ದೇ ಮೆಂಬರ್. ಅವರಿಗೆ ಇದು ಬಹಳ ಅನುಕೂಲವಾಗಿತ್ತು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿಗೆ ಮದುವೆಯಾಗಿದೆ, ಜನವರಿಯಲ್ಲೇ ಆ ವರ್ಷದ ರಜೆಗಳನ್ನೆಲ್ಲ ಗುರುತು ಹಾಕಿಡುವ ಮನುಷ್ಯ, ಮಳೆಗಾಲದಲ್ಲಿ ಹೋಗುವುದೇ ಇಷ್ಟ. ಇದನ್ನೂ ಬರೆಯಬೇಕು. ಅವರ ಮಟ್ಟಿಗೆ ಕಿರಣ್ ಎಳೆದ ಗೆರೆ ನಿಜವೇ. ಅವರಂತೆ ಬದುಕುವವರಿಗೆ ಮಾಡಿದ ಯೋಜನೆ ಅದು. ನಾವು ಹಾಗೆ ಬದುಕುತ್ತಿರಲಿಲ್ಲ.

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಶುಕ್ರವಾರ ಹೂ ಬಲಕ್ಕೆ ಬಿದ್ದರೆ? ಲೋಕೇಶ್ ದಿನವೂ ಸಂಜೆ, "ಶುಕ್ರವಾರ ಆಗ್ಲಿ" ಎನ್ನುತ್ತಿದ್ದರು. ಅತ್ತೆಗೆ ಏನು ಬೇಕೆಂದು ಅತ್ತೆ ಹೇಳಲಿಲ್ಲ. ಹೊಸ ಕುಕ್ಕರಿನಲ್ಲಿ ಹುರುಳಿಕಾಳು ಬೇಯಿಸಿ, ಹಳೆಯದರಷ್ಟು ಮೆತ್ತಗಾಗುವುದಿಲ್ಲ ಎಂದರು.

ಶುಕ್ರವಾರ ಬೆಳಿಗ್ಗೆ ಲೋಕೇಶ್ ಶೆಡ್ಡು ಮುಚ್ಚಿ ಬಂದರು. ಹಿಂದಿನ ಸಂಜೆ ಮೊದಲ ಮಳೆ ಬಿದ್ದು ಮಾಗಡಿ ರಸ್ತೆಯುದ್ದಕ್ಕೂ ಗುಲ್‌ಮೊಹರ್ ಹೂ ಉದುರಿ ಡಾಂಬರು ಕೆಂಪಾಗಿತ್ತು. ಮುದ್ದಮ್ಮನ ಗುಡಿ ಒಂದು ಸಣ್ಣ ಬಂಡೆಯ ಮೇಲಿದೆ. ಪೂಜಾರಿ ರಂಗಣ್ಣ ನಮ್ಮ ಮಾವನವರ ವಂಶದವರೇ, ಲೋಕೇಶ್‌ಗೆ ದೊಡ್ಡಪ್ಪನಾಗಬೇಕು. ಅಭಿಷೇಕ ಮುಗಿಸಿ, ಒದ್ದೆ ಕಲ್ಲಿನ ಎರಡೂ ಭುಜಕ್ಕೆ ಒಂದೊಂದು ಸೇವಂತಿಗೆ ಅಂಟಿಸಿದರು.

"ಫ್ಯಾನ್ ಆಫ್ ಮಾಡೋ ಲೋಕಿ. ಆಮೇಲೆ ಗಾಳಿಗ್ ಬಿತ್ತು ಅನ್ನೋರಿರ್ತಾರೆ" ಎಂದು ನನ್ನ ಕಡೆ ನೋಡಿದರು.

ಅತ್ತೆ ಸೆರಗು ಹೊದ್ದು ಕೈಮುಗಿದು ನಿಂತರು. ತುಟಿ ಅಲುಗುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನಾವೆಲ್ಲ ಹೂವಿನ ಮೇಲೆ ಕಣ್ಣಿಟ್ಟು ನಿಂತೆವು. ಸೆಕೆ ಏರಿತು. ಚಿರಾಗ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ನನಗೆ ಇಂಥದ್ದರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತೇನೆ. ಆ ಹೊತ್ತು ಮಾತ್ರ ನನ್ನ ಕಣ್ಣು ಎಡಗಡೆಯ ಹೂವನ್ನು ಬಿಟ್ಟು ಕದಲಲಿಲ್ಲ.

ಬಲಗಡೆಯದು ಬಿತ್ತು. ಪಟ್ಟನೆ, ಅನುಮಾನಕ್ಕೆ ಎಡೆಯಿಲ್ಲದಂತೆ, ಪಾದದ ಹತ್ತಿರ.

"ಕೊಟ್ಲು!" ಎಂದರು ರಂಗಣ್ಣ. ಲೋಕೇಶ್ ಅಡ್ಡಬಿದ್ದು ಎದ್ದರು, ಎದ್ದವರೇ ಜೇಬಿಗೆ ಕೈಹಾಕಿ ಫೋನ್ ತೆಗೆದರು. "ಆ ಹುಡುಗಂಗೆ ಹೇಳ್ಬಿಡ್ತೀನಿ" ಎಂದು ಹೊರಗೆ ಹೆಜ್ಜೆ ಇಟ್ಟರು.

"ಯಾವ್ ಹುಡುಗಂಗೋ?" ಎಂದರು ಅತ್ತೆ.

"ಕಿರಣ್‌ಗೆ. ಕಾರ್ಡು."

"ಕಾರ್ಡ್ ವಿಚಾರ ನಾನ್ ಕೇಳೇ ಇಲ್ವಲ್ಲೋ."

ಲೋಕೇಶ್ ತಿರುಗಿದರು. "ಮತ್ತಿನ್ನೇನ್ ಕೇಳ್ದೆ ಅವ್ವಾ?"

ಅತ್ತೆ ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಗೆ ಕಟ್ಟಿಕೊಂಡರು. "ನಾಲ್ಕ್ ರಾತ್ರಿ ಮನೇಲಿ ದೀಪ ಹಚ್ದಂಗೆ, ಎಲ್ರೂ ಬಿಟ್ಟು ಹೋಗ್ಬೋದಾ ತಾಯಿ ಅಂತ ಕೇಳ್ದೆ. ಹೋಗಿ ಅಂದ್ಲು."

ಮೆಟ್ಟಿಲ ಮೇಲೆ ಕೂತು ಅವರು ಹೇಳಿದ್ದು ಹೊಸದೇನಲ್ಲ, ನಮಗೆಲ್ಲ ಗೊತ್ತಿದ್ದದ್ದೇ. ಹೊಲಗಳು ಹೋದ ವರ್ಷ ಅವರ ಅತ್ತೆ ಅವರಿಗೆ ಹೇಳಿದ್ದರು: ಇನ್ನು ಊರು ಅಂತ ಉಳಿದಿರೋದು ಈ ಮನೆ ಒಂದೇ, ಸಂಜೆ ದೀಪ ತಪ್ಪಿಸಬೇಡಿ. ಅಂದಿನಿಂದ ತಪ್ಪಿರಲಿಲ್ಲ. ಎಲ್ಲಿಗೇ ಹೊರಡಲಿ, ಒಬ್ಬರು ದೀಪಕ್ಕೆ ಉಳಿಯುತ್ತಿದ್ದರು. ಮೈಸೂರಿಗೆ ಹೋದಾಗ ಅತ್ತೆ ಉಳಿದರು, ಧರ್ಮಸ್ಥಳಕ್ಕೆ ಹೋದಾಗ ಲೋಕೇಶ್, ಶಿವಮೊಗ್ಗದ ಮದುವೆಗೆ ನಾನು. ಅದು ಎಷ್ಟು ಸಹಜವಾಗಿತ್ತೆಂದರೆ ಅದನ್ನು ಒಂದು ಅಡ್ಡಿ ಎಂದು ಯಾರೂ ಎಣಿಸಿರಲಿಲ್ಲ. ಕಿರಣ್ ಹಾಲ್‌ನಲ್ಲಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಒಟ್ಟಿಗೆ ಎಲ್ಲಿಗೆ ಹೋಗಿದ್ದಿರಿ? ನಾನು ಒಂದು ವಾರ ರೂಮಿನ ಲೆಕ್ಕ ತಿದ್ದುತ್ತ ಕೂತಿದ್ದೆ. ಐದು ಜನಕ್ಕೆ ಚಿನ್ನದ ಕಾರ್ಡು ಕೊಟ್ಟರೂ ಆ ಮನೆಯಿಂದ ನಾಲ್ಕೇ ಜನ ಹೊರಡುತ್ತಿದ್ದರು.

"ಮತ್ತೆ ಕಾರ್ಡು?" ಎಂದರು ಲೋಕೇಶ್. ದನಿಯಲ್ಲಿ ಸಿಟ್ಟಿರಲಿಲ್ಲ.

"ಅದಕ್ ಮುದ್ದಮ್ಮನ್ನ ಯಾಕೋ ಕಾಡೋದು? ನಿನ್ ಹೆಂಡ್ತಿ ದಿನಾ ಊರೋರ್ ತಪ್ಪೆಲ್ಲಾ ಹುಡ್ಕಲ್ವಾ, ಅವಳನ್ ಕೇಳು."

ಹೇಳಿದೆ. ಶುಲ್ಕ, ಬಣ್ಣ, ಹನ್ನೆರಡು ವರ್ಷದ ನಿಯಮ, ವೇಟಿಂಗ್ ಲಿಸ್ಟು. ಅನುಕೂಲವಾದ ಹಿರಿಯರ ವಿಷಯವನ್ನೂ ಬಿಡದೆ ಹೇಳಿದೆ. ಅಕ್ಕನ ಹೆಸರು ಮಾತ್ರ ಹೇಳಲಿಲ್ಲ. ಲೋಕೇಶ್ ಬಂಡೆಯ ಮೇಲಿನ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಕೆಳಕ್ಕೆ ಎಸೆಯುತ್ತ ಕೇಳಿದರು. ಮುಗಿದ ಮೇಲೆ ಒಂದೇ ಮಾತು:

"ಹಂಗಾದ್ರೆ ಮುಂದಿನ ಗೇಟು?"

"ಬಾಡಿಗೆ ಕೊಟ್ಟು ರೂಮ್ ತಗೊಂಡೋರ್ನೂ ಮುಂದಿನ ಗೇಟಿಂದನೇ ಬಿಡ್ತಾರೆ ರೀ."

"ಗ್ರೀಸ್ ಒರ್ಸ್ಕೊಂಡ್ ಹೋಗು" ಎಂದರು ಅತ್ತೆ.

ಆ ಮಧ್ಯಾಹ್ನ ಅಲ್ಲೇ, ಪ್ರಸಾದದ ಎಲೆ ಮಡಚುವ ಮೊದಲೇ ಎಲ್ಲ ತೀರ್ಮಾನವಾಯಿತು. ಕಾಲೇಜಿನ ಠೇವಣಿ ಮುಟ್ಟುವುದಿಲ್ಲ. ಬೀದಿಯ ಹೆಂಗಸರ ಚೀಟಿಯನ್ನು ಆ ತಿಂಗಳು ಅತ್ತೆ ಎತ್ತುತ್ತಾರೆ. ಶಾಲೆ ಶುರುವಾಗುವ ಮೊದಲು ನಾಲ್ಕು ರಾತ್ರಿ, ಎರಡು ರೂಮು, ಉಡುಪಿಯ ಆಚೆ ಸಮುದ್ರದ ದಂಡೆ. ನಾನು ರಜೆಯ ಅರ್ಜಿಯನ್ನು ಗುಡಿಯ ಮೆಟ್ಟಿಲಿಂದಲೇ ಫೋನಿನಲ್ಲಿ ಕಳಿಸಿದೆ. ತಡಮಾಡಿದರೆ ಮನಸ್ಸು ಬದಲಾಗುವುದು ನಮ್ಮ ಮನೆಯಲ್ಲೂ ಉಂಟು.

ಸೋಮವಾರ ಮ್ಯಾನೇಜರ್ ಫೋನ್ ಮಾಡಿದ್ದು ಲೋಕೇಶ್‌ಗೆ. ಅವರಿಗೆ ಊಟದ ಡಬ್ಬಿ ಕೊಡಲು ನಾನು ಶೆಡ್ಡಿನಲ್ಲಿದ್ದೆ. ಅವರು ಮಷೀನು ನಿಲ್ಲಿಸಲಿಲ್ಲ, ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಕಟ್ಟೆ ಮೇಲಿಟ್ಟರು.

"ಸಾರ್, ದೇವ್ರು ಏನಂದ್ರು?"

"ಬಲಕ್ ಕೊಟ್ಲು."

"ಕಂಗ್ರಾಜುಲೇಷನ್ಸ್ ಸಾರ್! ಹಂಗಾದ್ರೆ ಪೇಪರ್ಸ್..."

"ಹೋಗೋಕ್ ಕೊಟ್ಲು. ಕಾರ್ಡಿಗಲ್ಲ."

ಬೆಲೆ ಇಳಿಯಿತು. ಇನ್ನೊಮ್ಮೆ ಇಳಿಯಿತು. ಮೊದಲ ವರ್ಷದ ಶುಲ್ಕ ಬಿಡುವುದಾಗಿ ಹೇಳಿದರು. ಲೋಕೇಶ್ ಒಮ್ಮೆ ನನ್ನ ಮುಖ ನೋಡಿದರು. ನಾನು ಹೇಳಬೇಕಾದದ್ದು ಹೇಳಿಯಾಗಿತ್ತು, ಉತ್ತರ ಅವರದೇ ಆಗಿರಬೇಕಿತ್ತು.

"ನೋಡಿ ಸಾರ್" ಎಂದರು, ತಿರುಗುತ್ತಿದ್ದ ಕಬ್ಬಿಣದ ಮೇಲಿಂದ ಕಣ್ಣು ತೆಗೆಯದೆ, "ನಿಮ್ ರೂಮಿಗೆ ನಾಲ್ಕ್ ಜನ. ನಾವ್ ಐದ್ ಜನ. ಐದ್ ಜನಾನೂ ಹೋಗ್ತಾ ಇದೀವಿ. ಬೇಡ ಸಾರ್. ಕುಕ್ಕರ್ ಚೆನ್ನಾಗಿದೆ, ಥ್ಯಾಂಕ್ಸ್."

ಹೊರಡುವ ಹಿಂದಿನ ದಿನ ಇನ್ನೊಂದು ತೊಡಕು ಬಂತು. ಬ್ಯಾಗುಗಳೆಲ್ಲ ತಯಾರಾದ ಮೇಲೆ ಸಿಂಚನ ಕೇಳಿದಳು, "ಅಪ್ಪಾ, ಮನೆ ಬೀಗ ಎಲ್ಲಿ?"

ಹುಡುಕಿದೆವು. ನಮ್ಮ ಮನೆಗೆ ಬೀಗವೇ ಇರಲಿಲ್ಲ. ಯಾವತ್ತೂ ಯಾರೋ ಒಬ್ಬರು ಒಳಗಿರುತ್ತಿದ್ದರು, ಒಳಗಿನ ಅಗುಳಿಯೊಂದೇ ನಮಗೆ ಗೊತ್ತಿದ್ದದ್ದು. ಹಗಲಿಗೆ ಐದೂ ಜನ ಹೊರಟಾಗ ಮೇಲಿನ ಮನೆಯ ಬಾಡಿಗೆಯವರು ಬಾಗಿಲು ನೋಡಿಕೊಳ್ಳುತ್ತಿದ್ದರು. ಹೊರಗಡೆ, ಬಾಗಿಲ ಮೇಲೆ ಒಂದು ಚಿಲಕವೇನೋ ಇತ್ತು. ಹಬ್ಬಹಬ್ಬಕ್ಕೆ ಬಳಿದ ಬಣ್ಣದಡಿ ಅದು ಚೌಕಟ್ಟಿಗೆ ಅಂಟಿ, ಮರದ ಗಂಟಿನಂತೆ ಆಗಿಹೋಗಿತ್ತು. ಲೋಕೇಶ್ ಉಳಿಯಿಂದ ಬಣ್ಣ ಕೆತ್ತಿದರು. ಹಸಿರು, ಅದರಡಿ ನೀಲಿ, ಅದರಡಿ ಕಾವಿ. ತುಕ್ಕು ಹಿಡಿದ ಕೀಲು ಕೈಯಲ್ಲೇ ಮುರಿದುಬಂತು. ನಾಯಂಡಹಳ್ಳಿಗೆ ಹೋಗಿ ಹೊಸ ಕೀಲು ಕಡೆದು ತಂದು ಕೂರಿಸಿದರು. ಬೀಗ ವಿಜಯನಗರದ ಅಂಗಡಿಯದು. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟ್ ದೊಡ್ಡದ್ಯಾಕೋ, ಒಳಗೇನಿದೆ?" ಎಂದರು. ಬೀಗ ಹಾಕಿದ್ದು ಅವರೇ. ಎರಡು ಸಲ ಜಗ್ಗಿ ನೋಡಿದರು. ಮೇಲಿನ ಮನೆಯ ಬಾಡಿಗೆಯವರಿಗೆ ದೀಪದ ಮಾತು ಹೇಳಲಿಲ್ಲ, ತುಳಸಿಗೆ ನೀರು ಹಾಕಿ ಎಂದಷ್ಟೇ ಹೇಳಿದರು.

ಸಮುದ್ರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೆಕೆ ಇತ್ತು, ಮೀನಿನ ವಾಸನೆ ಇತ್ತು, ರೂಮಿನ ಗೀಸರ್ ಕೆಟ್ಟಿತ್ತು. ಹೋಟೆಲಿನ ಮುಂದಿನ ಗೇಟು ನೀಲಿ ಬಣ್ಣದ್ದು. ಆಟೋದಿಂದ ಇಳಿದ ಲೋಕೇಶ್ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಎರಡೂ ಕೈಯಲ್ಲಿ ಬ್ಯಾಗು ಹಿಡಿದು, ಅದರ ಎದುರು ಒಂದು ಕ್ಷಣ ನಿಂತರು. ಕಾವಲಿನವನು ಓಡಿಬಂದು ಗೇಟು ತೆಗೆದ. ಕೀಲು ಕಿರುಗುಟ್ಟಿತು.

"ಬುಷ್ ಹೋಗಿದೆ" ಎಂದರು ಲೋಕೇಶ್ ಅವನಿಗೆ. ಹೇಳಿ ಒಳಗೆ ನಡೆದರು.

ಮೊದಲ ಸಂಜೆ ಸೂರ್ಯ ನೀರಿಗೆ ಇಳಿಯುವ ಹೊತ್ತಿಗೆ ಅತ್ತೆ ಮರಳಿನಲ್ಲಿ ಕೂತಿದ್ದರು. ದೀಪ ಹಚ್ಚುವ ವೇಳೆ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ಕತ್ತಲಾಯಿತು. ಅತ್ತೆ ಸೆರಗಿನ ಮರಳು ಕೊಡವಿ ಎದ್ದು, "ದೋಸೆ ಸಿಗುತ್ತಾ ಇಲ್ಲಿ?" ಎಂದು ಕೇಳಿದರು.

ಆ ಠೇವಣಿಯಿಂದ ಸಿಂಚನ ಈಗ ಪಿಯುಸಿ ಓದುತ್ತಿದ್ದಾಳೆ. ಪ್ರಕಾಶ್ ಭಾವ ತಮ್ಮ ಕಾರ್ಡನ್ನು ಬೇರೆಯವರಿಗೆ ವರ್ಗಾಯಿಸಲು ಆಗುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆ. ನಾವು ಆ ವರ್ಷದಿಂದ ಪ್ರತಿ ಬೇಸಿಗೆ ಹೋಗುತ್ತಿದ್ದೇವೆ, ಚೀಟಿ ಎಷ್ಟು ಬಂದರೆ ಅಷ್ಟು ದೂರ. ಒಂದು ವರ್ಷ ಶ್ರೀರಂಗಪಟ್ಟಣದಲ್ಲೇ ಮುಗಿಯಿತು.

ನಿಶ್ಚಿತಾರ್ಥದ ಊಟ ಮುಗಿಸಿ ಹಾಲ್‌ನಿಂದ ಇಳಿಯುವಾಗ ನಾನು ಕೇಳಿದೆ, "ಅತ್ತೆ, ಪ್ರತಿ ವರ್ಷ ಹೋಗ್ತೀವಿ. ಆಮೇಲ್ ಯಾವತ್ತೂ ನೀವು ಹೂ ಕೇಳಿಲ್ವಲ್ಲ?"

"ಒಂದ್ಸಲ ಕೊಟ್ಲಲ್ಲ. ಪದೇ ಪದೇ ಕೇಳಿದ್ರೆ, ಏನ್ ನನ್ ಮಾತಲ್ಲಿ ನಂಬ್ಕೆ ಇಲ್ವಾ ಅಂತಾಳೆ."

ಮೆಟ್ಟಿಲ ಕೊನೆಯಲ್ಲಿ ಅವರು ನಿಂತು ಸೊಂಟಕ್ಕೆ ಕೈಹಾಕಿ ನೋಡಿಕೊಂಡರು. ಬೀಗದ ಕೈ ಅಲ್ಲೇ ಇತ್ತು. ಆ ದಿನ ಐದೂ ಜನ ಹೊರಗೆ ಬಂದಿದ್ದೆವು.